ಹೊರಹಾಕಿದ ಮಾತ್ರೆಯ ಎರಡನೇ ಸುತ್ತು

ಕುಷ್ಠರೋಗಕ್ಕೂ ಅಂಡಾಶಯದ ಕ್ಯಾನ್ಸರ್‌ಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಒಂದು ರೋಗಾಣುವಿನಿಂದ ಬರುವುದು, ಇನ್ನೊಂದು ನಮ್ಮದೇ ಜೀವಕೋಶಗಳು ದಾರಿ ತಪ್ಪಿದ್ದರಿಂದ ಬರುವುದು. ಆದರೂ ಈ ಎರಡೂ ರೋಗಗಳ ಸಂಶೋಧನೆಯಲ್ಲಿ ಒಂದೇ ಮಾತ್ರೆ ಕಾಣಿಸಿಕೊಂಡಿತು. ಹೆಸರು ಥಾಲಿಡೋಮೈಡ್.

ಇದರ ಹಿಂದಿನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಮಾರಾಟಕ್ಕೆ ಬಂತು. ಬಸುರಿಯರ ಓಕರಿಕೆಗೂ ಕೊಟ್ಟರು. ಕೈಕಾಲು ಪೂರ್ತಿ ಬೆಳೆಯದ ಕೂಸುಗಳು ಹುಟ್ಟತೊಡಗಿದವು. ಲೋಕದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಎಂದು ಅಂದಾಜು. 1961ರ ನವೆಂಬರ್‌ನಲ್ಲಿ ಜರ್ಮನಿಯ ಅಂಗಡಿಗಳಿಂದ ಮಾತ್ರೆಯನ್ನು ಹಿಂದಕ್ಕೆ ತರಿಸಲಾಯಿತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ, ಸರ್ಕಾರಿ ಔಷಧ ಇಲಾಖೆಯ ಅಧಿಕಾರಿ, ಇದು ನರಗಳಿಗೆ ಏನು ಮಾಡುತ್ತದೆ ತೋರಿಸಿ ಎಂದು ಪಟ್ಟು ಹಿಡಿದು ಪರವಾನಗಿ ಕೊಡದೆ ಉಳಿಸಿಕೊಂಡಿದ್ದರು. ಹಾಗಾಗಿ ಆ ದೇಶ ದೊಡ್ಡ ಅನಾಹುತದಿಂದ ಪಾರಾಯಿತು.

ಈಗ ಜೆರುಸಲೇಮಿಗೆ ಹೋಗೋಣ. 1960ರ ದಶಕದ ನಡುಭಾಗ, ಕುಷ್ಠರೋಗದ ಆಸ್ಪತ್ರೆ, ಯಾಕೊಬ್ ಶೆಸ್ಕಿನ್ ಎಂಬ ವೈದ್ಯರು. ಅಲ್ಲಿನ ಕೆಲವು ರೋಗಿಗಳಿಗೆ ರಿಯಾಕ್ಷನ್ ಬರುತ್ತಿತ್ತು. ಮೈಮೇಲೆ ಕೆಂಪಗೆ, ಮುಟ್ಟಿದರೆ ನೋಯುವ ಗಂಟುಗಳು, ಜ್ವರ, ಕೀಲುನೋವು, ಕೆಲವರಿಗೆ ಕಣ್ಣಿಗೂ ನರಕ್ಕೂ ಪೆಟ್ಟು. ರೋಗಾಣು ಹೆಚ್ಚಾಗಿ ಆಗುವ ತೊಂದರೆಯಲ್ಲ ಇದು. ಚಿಕಿತ್ಸೆ ನಡೆದಿರುವಾಗ, ಎಷ್ಟೋ ಸಲ ಮುಗಿದ ಮೇಲೂ, ಸತ್ತ ರೋಗಾಣುವಿನ ಚೂರುಗಳ ಮೇಲೆ ದೇಹವೇ ಎರಗಿ ಉರಿ ಎಬ್ಬಿಸುತ್ತದೆ. ನೋವಿನಿಂದ ನಿದ್ದೆಯೇ ಬಾರದವರಿಗೆ ಶೆಸ್ಕಿನ್ ಹಳೆಯ ನಿದ್ದೆ ಮಾತ್ರೆ ಕೊಟ್ಟರು, ಆ ಥಾಲಿಡೋಮೈಡನ್ನೇ. ನಿದ್ದೆಯೇನೋ ಬಂತು. ಅದರ ಜೊತೆಗೆ ಗಂಟುಗಳೂ ಜ್ವರವೂ ಕೆಲವೇ ದಿನಗಳಲ್ಲಿ ಇಳಿದವು. ಅವರು ಇದನ್ನು ಪ್ರಕಟಿಸಿದ್ದು 1964-65ರ ಹೊತ್ತಿಗೆ.

ಆಕಸ್ಮಿಕ ಎಂದು ಇದನ್ನು ಹೊಗಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಶೆಸ್ಕಿನ್ ಅಷ್ಟಕ್ಕೇ ನಿಲ್ಲಲಿಲ್ಲ. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಸುಳ್ಳು ಮಾತ್ರೆ ಎಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ಪರೀಕ್ಷೆ ನಡೆಸಿದರು. ವೆನಿಜುವೆಲಾದ ಹೆಸರಾಂತ ಕುಷ್ಠರೋಗ ತಜ್ಞ ಹಸಿಂತೊ ಕೊನ್ವಿತ್ ಅವರ ಜೊತೆ ಮಾಡಿದ ಅಂಥ ಪರೀಕ್ಷೆಯ ವರದಿ 1969ರಲ್ಲಿ ಬಂತು. ಮೊದಲು ಕಂಡದ್ದು ಕಣ್ಣಿನ ಭ್ರಮೆಯಲ್ಲ ಎಂದು ಖಚಿತವಾಯಿತು. ಅಮೆರಿಕ ಈ ಬಳಕೆಗೆ ಪರವಾನಗಿ ಕೊಡಲು 1998ರವರೆಗೆ ಕಾಯಿತು. ಹೆಂಗಸರಿಗೆ ಕಡ್ಡಾಯ ಗರ್ಭಪರೀಕ್ಷೆ, ಗರ್ಭನಿರೋಧಕ ಎಂಬ ಕಟ್ಟುನಿಟ್ಟಿನ ಷರತ್ತುಗಳ ಜೊತೆಗೇ ಕೊಟ್ಟಿತು. ಅಂಥ ಕಾವಲು ಸಡಿಲವಾದ ಬ್ರೆಜಿಲ್‌ನಲ್ಲಿ 1960ರ ದಶಕದ ನಂತರವೂ ಅಂಗವಿಕಲ ಕೂಸುಗಳು ಹುಟ್ಟಿವೆ.

ಅಂಡಾಶಯದ ಗಡ್ಡೆ ಇದರಲ್ಲಿ ಎಲ್ಲಿಂದ ಬಂತು? ಹೊಸ ಬಡಾವಣೆ ಎದ್ದರೆ ನೀರಿನ ಪೈಪು ಎಳೆಯಲೇಬೇಕಲ್ಲ, ಗಡ್ಡೆ ಬೆಳೆಯಲಿಕ್ಕೂ ಹೊಸ ರಕ್ತನಾಳ ಬೇಕು. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲೇ ಇದನ್ನು ವಾದಿಸಿದ್ದರು. ಅವರ ಪ್ರಯೋಗಾಲಯದ ರಾಬರ್ಟ್ ಡಿ'ಅಮಾಟೊ 1994ರಲ್ಲಿ ಮೊಲದ ಕಣ್ಣಿನಲ್ಲಿ ಥಾಲಿಡೋಮೈಡ್ ಹೊಸ ರಕ್ತನಾಳ ತಡೆಯುತ್ತದೆ ಎಂದು ತೋರಿಸಿದರು. ಗರ್ಭದಲ್ಲಿ ಕೇಡು ಮಾಡಿದ ಗುಣವನ್ನೇ ಗಡ್ಡೆಯ ಮೇಲೆ ತಿರುಗಿಸಬಹುದೇ ಎಂಬ ಆಸೆ ಹುಟ್ಟಿದ್ದು ಅಲ್ಲಿ. 1999ರಲ್ಲಿ ಮಲ್ಟಿಪಲ್ ಮೈಲೋಮ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರಿನ 84 ರೋಗಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಗುಣ ಕಂಡಿತು. ಬೇರೆ ಚಿಕಿತ್ಸೆ ಕೈಕೊಟ್ಟವರೇ ಅವರಲ್ಲಿ ಬಹುಪಾಲು. ಆಸೆ ಇನ್ನೂ ಹಿಗ್ಗಿತು.

ಅಂಡಾಶಯದ ಕ್ಯಾನ್ಸರ್ ಮರುಕಳಿಸುವುದರಲ್ಲಿ ಕುಖ್ಯಾತ. ಶಸ್ತ್ರಚಿಕಿತ್ಸೆ, ಕೀಮೋ ಆಗಿ ಎಲ್ಲ ಸರಿಯಾಯಿತು ಎನ್ನುವಾಗ ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಮೆಲ್ಲಗೆ ಏರುತ್ತದೆ; ಸ್ಕ್ಯಾನಿನಲ್ಲಿ ಇನ್ನೂ ಏನೂ ಕಾಣಿಸಿರುವುದಿಲ್ಲ. ಇಂಥ ಹೆಂಗಸರಲ್ಲಿ ಅಮೆರಿಕದ ಸಂಶೋಧಕರು ಥಾಲಿಡೋಮೈಡನ್ನು ಹಳೆಯ ಪರಿಚಿತ ಮಾತ್ರೆ ಟಾಮಾಕ್ಸಿಫೆನ್ ಎದುರು ನಿಲ್ಲಿಸಿದರು. ಸುಮಾರು 140 ಮಂದಿ ಸೇರಿದ ಈ ಪರೀಕ್ಷೆಯ ವರದಿ 2010ರಲ್ಲಿ ಬಂತು. ಥಾಲಿಡೋಮೈಡ್ ರೋಗವನ್ನು ಹೆಚ್ಚು ದಿನ ತಡೆಯಲಿಲ್ಲ, ತೊಂದರೆ ಮಾತ್ರ ಹೆಚ್ಚು ಕೊಟ್ಟಿತು.

ನನ್ನ ಮಟ್ಟಿಗೆ ಇದು ಬೆಲೆಯುಳ್ಳ ಫಲಿತಾಂಶ. ಏಕೆಂದರೆ ಅದಕ್ಕೂ ಮೊದಲು, ಕೀಮೋ ಔಷಧದ ಜೊತೆ ಥಾಲಿಡೋಮೈಡ್ ಸೇರಿಸಿದರೆ ಗಡ್ಡೆ ಹೆಚ್ಚು ಮಂದಿಯಲ್ಲಿ ಕುಗ್ಗುತ್ತದೆ ಎಂದು ಒಂದು ಸಣ್ಣ ಪರೀಕ್ಷೆ ಹೇಳಿತ್ತು. ಅದೊಂದನ್ನೇ ನೆಚ್ಚಿಕೊಂಡಿದ್ದರೆ, ಕೈಕಾಲು ಜೋಮು ಹಿಡಿಸುವ, ಮಲಬದ್ಧತೆ ತರುವ, ರಕ್ತ ಹೆಪ್ಪುಗಟ್ಟಿಸಬಲ್ಲ ಮಾತ್ರೆಯನ್ನು ಎಷ್ಟು ಹೆಂಗಸರು ಸುಮ್ಮನೆ ನುಂಗಬೇಕಾಗುತ್ತಿತ್ತೋ. ಫೋಕ್‌ಮನ್ ಹೇಳಿದ್ದೂ ಸುಳ್ಳಾಗಲಿಲ್ಲ. ರಕ್ತನಾಳ ತಡೆಯುವ ಬೇರೊಂದು ಔಷಧ, ಬೆವಾಸಿಜುಮಾಬ್, ಇದೇ ಅಂಡಾಶಯದ ಕ್ಯಾನ್ಸರಿನಲ್ಲಿ ರೋಗ ಮತ್ತೆ ಮುಂದುವರಿಯುವುದನ್ನು ಕೆಲವು ತಿಂಗಳು ಮುಂದೂಡಿತು ಎಂದು 2011ರಲ್ಲಿ ಎರಡು ದೊಡ್ಡ ಪರೀಕ್ಷೆಗಳು ತೋರಿಸಿದವು.

ಇಷ್ಟೆಲ್ಲ ಆದರೂ ಮಾತ್ರೆ ದೇಹದಲ್ಲಿ ಎಲ್ಲಿ ಹೋಗಿ ಅಂಟುತ್ತದೆ ಎಂದು ತಿಳಿದದ್ದು 2010ರಲ್ಲಿ. ಜಪಾನಿನ ಹಿರೋಶಿ ಹಾಂಡಾ ಅವರ ತಂಡ ಸೆರೆಬ್ಲಾನ್ ಎಂಬ ಪ್ರೋಟೀನನ್ನು ಗುರುತಿಸಿತು.

ಕುಷ್ಠರೋಗದ ಮಾತಿಗೆ ಬಂದರೆ, ಲೋಕದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ನಮ್ಮ ದೇಶದವರೇ. ರೋಗಾಣು ಕೊಲ್ಲುವ ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಥಾಲಿಡೋಮೈಡ್ ರೋಗಾಣುವನ್ನು ಮುಟ್ಟುವುದೂ ಇಲ್ಲ. ಅದು ರಿಯಾಕ್ಷನ್ನಿಗೆ ಮಾತ್ರ, ಅದೂ ಸಾಮಾನ್ಯವಾಗಿ ಸ್ಟೀರಾಯ್ಡ್‌ಗೆ ಬಗ್ಗದಾಗ, ತಜ್ಞರ ಕೈಯಿಂದ. ಬಹುಔಷಧ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರ ಮೈಮೇಲೆ ಕೆಂಪು ಗಂಟು ಎದ್ದರೆ ಔಷಧವೇ ಒಗ್ಗಲಿಲ್ಲ ಎಂದುಕೊಂಡು ನಿಲ್ಲಿಸಬಾರದು. ಚಿಕಿತ್ಸೆ ಮುಂದುವರಿಸುತ್ತಲೇ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ನರಕ್ಕೆ ಬಿದ್ದ ಪೆಟ್ಟು ಹಳತಾದಷ್ಟೂ ಸರಿಯಾಗುವುದು ಕಷ್ಟ.