ಹೊಳೆಗೆ ಮಳೆ ಬೇಕು, ಕ್ಯಾಮೆರಾಕ್ಕೆ ಬಿಸಿಲು ಬೇಕು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂದು ಒಬ್ಬ ಛಾಯಾಗ್ರಾಹಕರ ಪ್ರಯಾಣದ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಅದರಲ್ಲಿ ಹಡಗು, ದೋಣಿ, ಹೊಳೆ, ಎತ್ತಿನ ಗಾಡಿ ಎಲ್ಲವೂ ಬರುತ್ತವೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ದೇವನಹಳ್ಳಿಯಲ್ಲಿ ಕುಳಿತು ದೋಣಿಯ ಕಥೆ ಏಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಮೊದಲನೆಯದು, ಆ ಮನುಷ್ಯ ನಮ್ಮ ಪಕ್ಕದ ಬೆಂಗಳೂರಿನಲ್ಲಿಯೇ ಇದ್ದವರು. ಎರಡನೆಯದು, ಅವರು ಚಿತ್ರ ತೆಗೆದ ಒಂದು ದೊಡ್ಡ ರಾಜಧಾನಿ ಅದಾದ ನಾಲ್ಕೇ ವರ್ಷಗಳಲ್ಲಿ ಬರಿದಾಯಿತು. ನಮ್ಮ ತಾಲ್ಲೂಕು ಇಂದು ಬದಲಾಗುತ್ತಿರುವ ವೇಗವನ್ನು ನೋಡಿದರೆ ಈ ಕಥೆ ನಮ್ಮದೂ ಹೌದು.

ಅವರ ಹೆಸರು ಲಿನ್ನೇಯಸ್ ಟ್ರೈಪ್. 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಹುಟ್ಟಿದರು. ಅದು ಯುದ್ಧನೌಕೆಗಳನ್ನು ಕಟ್ಟುವ, ದುರಸ್ತಿ ಮಾಡುವ ಬಂದರು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದರು. 1850ರ ದಶಕದ ಆರಂಭದಲ್ಲಿ ರಜೆಯ ಮೇಲೆ ಊರಿಗೆ ಹೋಗಿದ್ದಾಗ ಕ್ಯಾಮೆರಾ ಹಿಡಿಯಲು ಕಲಿತರು. ಅವರ ಮೊದಮೊದಲ ಚಿತ್ರಗಳಲ್ಲಿ ‘ಇಂಪ್ರೆಗ್ನಬಲ್’ ಎಂಬ ಯುದ್ಧನೌಕೆಯ ಮೇಲಟ್ಟದ ಚಿತ್ರವೂ ಇದೆ. 1854ರಲ್ಲಿ ಬೆಂಗಳೂರಿಗೆ ಮರಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದರು. 1855ರಲ್ಲಿ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕ ಬಂತು.

ವಿದ್ಯಾರ್ಥಿಗಳೇ, ಆಗಿನ ಚಿತ್ರ ಹೇಗಾಗುತ್ತಿತ್ತು ಎಂಬುದನ್ನು ಸ್ವಲ್ಪ ತಿಳಿಯಿರಿ. ಫಿಲ್ಮ್ ಎಂಬುದು ಆಗ ಇರಲಿಲ್ಲ. ತೆಳುವಾದ ಒಳ್ಳೆಯ ಕಾಗದವನ್ನು ತೆಗೆದುಕೊಂಡು ಅದಕ್ಕೆ ಕರಗಿಸಿದ ಮೇಣವನ್ನು ಕುಡಿಸುತ್ತಿದ್ದರು. ನಂತರ ಅಯೊಡೈಡ್ ದ್ರಾವಣದಲ್ಲಿ ಅದ್ದಿ, ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಆ ಕಾಗದ ಬೆಳಕಿಗೆ ಮಿಡಿಯುತ್ತಿತ್ತು. ಅದೇ ನೆಗೆಟಿವ್. ಟ್ರೈಪ್ ಬಳಸುತ್ತಿದ್ದ ಹಾಳೆ ಸುಮಾರು 10 ಅಂಗುಲ ಅಗಲ, 13 ಅಂಗುಲ ಉದ್ದವಿತ್ತು. ಚಿತ್ರವೂ ಅಷ್ಟೇ ದೊಡ್ಡದು, ಕ್ಯಾಮೆರಾ ಒಂದು ಪೆಟ್ಟಿಗೆಯಷ್ಟು. ಗಾಜಿನ ಮೇಲೆ ತೆಗೆಯುವ ಹಸಿ ವಿಧಾನದಲ್ಲಿ ಹಚ್ಚಿದ ಮದ್ದು ಒಣಗುವ ಮುನ್ನವೇ ಎಲ್ಲ ಮುಗಿಸಬೇಕಿತ್ತು. ನಮ್ಮ ಸೆಕೆಯಲ್ಲಿ ಅದು ಬಹಳ ಕಷ್ಟ. ಮೇಣದ ಕಾಗದವಾದರೋ ಮೊದಲೇ ಸಿದ್ಧಪಡಿಸಿ ಕೆಲವು ದಿನ ಇಟ್ಟುಕೊಳ್ಳಬಹುದಿತ್ತು. ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದಕ್ಕೂ ಒಂದು ಕೊರತೆ ಇತ್ತು. ಒಂದೊಂದು ಚಿತ್ರಕ್ಕೆ ಕೆಲವು ನಿಮಿಷಗಳ ಕಾಲ ಕ್ಯಾಮೆರಾದ ಕಣ್ಣನ್ನು ತೆರೆದಿಡಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಂತದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತಿತ್ತು.

ಈಗ ದೋಣಿಯ ವಿಷಯಕ್ಕೆ ಬರೋಣ. 1852ರ ಯುದ್ಧದಲ್ಲಿ ಕಂಪನಿ ಸರ್ಕಾರ ಬರ್ಮಾ ದೇಶದ ಪೆಗು ಪ್ರಾಂತ್ಯವನ್ನು ಕಸಿದುಕೊಂಡಿತ್ತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅವರು ಬರ್ಮಾದ ದೊರೆ ಮಿಂಡಾನ್ ಬಳಿಗೆ ಆರ್ಥರ್ ಫೇರ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಒಂದು ನಿಯೋಗವನ್ನು ಕಳುಹಿಸಿದರು. ಕಾರ್ಯದರ್ಶಿಯಾಗಿ ಹೆನ್ರಿ ಯೂಲ್, ಚಿತ್ರಕಾರರಾಗಿ ಕೋಲ್ಸ್‌ವರ್ದಿ ಗ್ರಾಂಟ್, ಭೂವಿಜ್ಞಾನಿಯಾಗಿ ಥಾಮಸ್ ಓಲ್ಡ್‌ಹ್ಯಾಂ, ಛಾಯಾಗ್ರಾಹಕರಾಗಿ ಟ್ರೈಪ್ ಹೋದರು. 1855ರ ಆಗಸ್ಟ್ 1ರಂದು ರಂಗೂನಿನಿಂದ ಸ್ಟೀಮರುಗಳಲ್ಲಿ ಹೊರಟು ಐರಾವತಿ ನದಿಯ ಪ್ರವಾಹಕ್ಕೆ ಎದುರಾಗಿ ಸಾಗಿದರು. ಪ್ರೋಮ್, ಥಯೆಟ್ಮ್ಯೊ, ಮಣ್ಣೆಣ್ಣೆ ಬಾವಿಗಳಿದ್ದ ಯೆನಂಜಾಂಗ್, ಸಾವಿರಾರು ಪಗೋಡಗಳ ಬಗಾನ್, ಹೀಗೆ ದಡದ ಊರುಗಳನ್ನು ದಾಟಿ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ರಾಜಧಾನಿ ಅಮರಪುರವನ್ನು ತಲುಪಿದರು. ಅಕ್ಟೋಬರ್ ಕೊನೆಯ ಭಾಗದವರೆಗೆ ಅಲ್ಲಿದ್ದರು.

ಇಲ್ಲಿ ಒಂದು ಶಬ್ದದ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ. ನಮ್ಮಲ್ಲಿ ಅನೇಕರು ಮನೆಯಲ್ಲಿ ‘ಮೌಸಮ್’ ಎನ್ನುತ್ತೇವೆ. ಅರಬ್ಬಿಯ ‘ಮೌಸಿಮ್’ ಎಂದರೆ ಋತು, ಒಂದು ಕೆಲಸಕ್ಕೆ ತಕ್ಕ ಕಾಲ. ಅರಬ್ ನಾವಿಕರು ಹಡಗು ಬಿಡುವ ಕಾಲಕ್ಕೆ ಇದೇ ಮಾತನ್ನು ಬಳಸುತ್ತಿದ್ದರು. ಅದು ಪೋರ್ಚುಗೀಸರ ಬಾಯಿಗೆ ಬಿದ್ದು ಕೊನೆಗೆ ‘ಮಾನ್ಸೂನ್’ ಆಯಿತು. ‘ಬಂದರು’ ಎಂಬ ನಮ್ಮ ಕನ್ನಡದ ಮಾತೂ ಪರ್ಷಿಯನ್ನಿನ ‘ಬಂದರ್’ನಿಂದ ಬಂದದ್ದು. ಹಾಯಿ ಹಡಗಿನವನಿಗೆ ಮೌಸಮ್ ತಿಳಿಯದಿದ್ದರೆ ಪ್ರಾಣಕ್ಕೇ ಅಪಾಯ. ಛಾಯಾಗ್ರಾಹಕನಿಗೂ ಅದು ತಿಳಿದಿರಬೇಕು.

ಟ್ರೈಪ್ ಅವರ ಕಷ್ಟ ಇಲ್ಲಿಯೇ ಇತ್ತು. ಮಳೆಗಾಲದಲ್ಲಿ ಐರಾವತಿ ತುಂಬಿ ಹರಿಯುತ್ತದೆ, ಸ್ಟೀಮರು ಮರಳ ದಿಬ್ಬಕ್ಕೆ ಸಿಗದೆ ಮೇಲಕ್ಕೆ ಹೋಗಬಲ್ಲದು. ಆದರೆ ಮಳೆಗಾಲದ ಮೋಡದಲ್ಲಿ ಕ್ಯಾಮೆರಾಕ್ಕೆ ಬೆಳಕು ಸಾಲದು, ತೇವದಲ್ಲಿ ಕಾಗದವೂ ಹಾಳಾಗುತ್ತದೆ. ದೋಣಿಗೆ ಒಳ್ಳೆಯ ಕಾಲ ಕ್ಯಾಮೆರಾಕ್ಕೆ ಕೆಟ್ಟ ಕಾಲ. ಜೊತೆಗೆ ನಿಯೋಗ ಹೊರಟಾಗ ಹೊರಡಬೇಕು, ನಿಂತಾಗ ನಿಲ್ಲಬೇಕು. ಕೆಟ್ಟ ಹವೆ, ಕಾಯಿಲೆ ಮತ್ತು ಇಂಥ ಪ್ರಯಾಣದ ಕಟ್ಟುಪಾಡುಗಳಿಂದಾಗಿ ತಮಗೆ ಕೆಲಸ ಮಾಡಲು ಸಿಕ್ಕಿದ್ದು ಒಟ್ಟು 36 ದಿನ ಮಾತ್ರ ಎಂದು ಅವರೇ ದಾಖಲಿಸಿದ್ದಾರೆ. ಆ 36 ದಿನಗಳಲ್ಲಿ 200ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಮಾಡಿದರು. ಹೇಗೆ ಸಾಧ್ಯವಾಯಿತು? ಮೋಡ ಇದ್ದ ದಿನಗಳಲ್ಲಿಯೇ ಕಾಗದ ಸಿದ್ಧಮಾಡಿಟ್ಟುಕೊಂಡು, ಯಾವ ಗೋಡೆಗೆ ಯಾವ ಹೊತ್ತಿನ ಬೆಳಕು ಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡವನಿಗೆ ಮಾತ್ರ ಬಿಸಿಲು ಬಂದ ದಿನ ದಕ್ಕುತ್ತದೆ. ಪರೀಕ್ಷೆಗೆ ಓದುವ ನಿಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಚಿತ್ರಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಊರುಗಳು ಬಹುಪಾಲು ನಿರ್ಜನವಾಗಿ ಕಾಣುತ್ತವೆ. ಜನ ಇರಲಿಲ್ಲವೆಂದಲ್ಲ. ನಡೆದಾಡುವ ಮನುಷ್ಯ, ಸಾಗುವ ದೋಣಿ, ಬೀಸುವ ಎಲೆ, ಯಾವುದನ್ನೂ ಆ ಕಾಗದ ಹಿಡಿಯಲಾರದು. ಹರಿಯುವ ನೀರು ಕೂಡ ಕನ್ನಡಿಯ ಹಾಗೆ ನುಣ್ಣಗೆ ಕಾಣುತ್ತದೆ. ಜನರ ಮುಖ, ಉಡುಗೆ ತೊಡುಗೆಗಳನ್ನು ಚಿತ್ರಕಾರ ಗ್ರಾಂಟ್ ಕುಂಚದಿಂದ ಬರೆದುಕೊಂಡರು. ಕಟ್ಟಡಗಳನ್ನು ಟ್ರೈಪ್ ಹಿಡಿದರು. ಕಾಗದದಲ್ಲಿ ಆಕಾಶ ಸರಿಯಾಗಿ ಮೂಡದಾಗ ಟ್ರೈಪ್ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆದದ್ದೂ ಉಂಟು. ಎಡಿಟಿಂಗ್ ಎಂಬುದು ನಿಮ್ಮ ಫೋನಿನ ಜೊತೆ ಹುಟ್ಟಿದ್ದಲ್ಲ!

ಅಮರಪುರದಲ್ಲಿ ಅವರು ತೇಗದ ಮರದ ವಿಹಾರಗಳ ಚಿತ್ರ ತೆಗೆದರು, ಕೆರೆಯ ಮೇಲಿನ ಉದ್ದನೆಯ ಮರದ ಸೇತುವೆಯ ಚಿತ್ರ ತೆಗೆದರು. ಮಿಂಗುನ್ ಎಂಬಲ್ಲಿ 1839ರ ಭೂಕಂಪಕ್ಕೆ ಸೀಳಿದ್ದ ಮಹಾ ಪಗೋಡವನ್ನು ಚಿತ್ರಿಸಿದರು. ಮುಂದೇನಾಯಿತು? ದೊರೆ ಮಿಂಡಾನ್ 1857ರಲ್ಲಿ ಮಾಂಡಲೆಯಲ್ಲಿ ಹೊಸ ರಾಜಧಾನಿ ಕಟ್ಟಲು ಆರಂಭಿಸಿ, 1859ರ ಹೊತ್ತಿಗೆ ಅಲ್ಲಿಗೆ ಹೋದರು. ಅಮರಪುರದ ಮರದ ಅರಮನೆಯನ್ನು ಬಿಚ್ಚಿ ಹೊಸ ಊರಿಗೆ ಸಾಗಿಸಿದರು. ಮರದ ಸೇತುವೆ ಇಂದಿಗೂ ನಿಂತಿದೆ, ಆದರೆ ಆ ರಾಜಧಾನಿ ಉಳಿದದ್ದು ಚಿತ್ರಗಳಲ್ಲಿ. ಕ್ಯಾಮೆರಾ ಐದು ವರ್ಷ ತಡವಾಗಿ ಹೋಗಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಬರ್ಮಾದಿಂದ ಬಂದ ಮೇಲೆ ಟ್ರೈಪ್ ಬೆಂಗಳೂರಿನಲ್ಲಿ ಮುದ್ರಣದ ಕೆಲಸಕ್ಕೆ ಕುಳಿತರು. 120 ಚಿತ್ರಗಳನ್ನು ಆರಿಸಿ ತಲಾ 50 ಪ್ರತಿ, ಅಂದರೆ 6,000 ಪ್ರತಿಗಳು. ಪ್ರತಿಯೊಂದನ್ನೂ ಬಿಸಿಲಿನಲ್ಲಿಟ್ಟು ಮೂಡಿಸಬೇಕಿತ್ತು. ಬರ್ಮಾದ ಮೋಡ ಕೊಡದ ಬಿಸಿಲನ್ನು ನಮ್ಮ ಬಯಲುಸೀಮೆ ಕೊಟ್ಟಿತು ಎನ್ನಬಹುದು. ಚಿತ್ರಗಳಿಗೆ ಸಂಖ್ಯೆ, ಊರಿನ ಹೆಸರು, ವಿವರಣೆಯನ್ನೂ ಸೇರಿಸಿದರು. ನಂತರ ಮದರಾಸು ಸರ್ಕಾರದ ಛಾಯಾಗ್ರಾಹಕರಾದರು. 1857ರ ಡಿಸೆಂಬರ್‌ನಲ್ಲಿ ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಬೆಂಗಳೂರಿನಿಂದ ಹೊರಟು ರಾಯಕೋಟೆ, ಸೇಲಂ, ಮಧುರೆ, ತಂಜಾವೂರುಗಳನ್ನು ಸುತ್ತಿ 1858ರ ಏಪ್ರಿಲ್ ಕೊನೆಗೆ ಮದರಾಸು ಸೇರಿದರು. ಈ ಸಲ ಋತುವನ್ನು ಗಮನಿಸಿ: ಚಳಿಗಾಲದಲ್ಲಿ ಹೊರಟು ಬೇಸಿಗೆಯಲ್ಲಿ ಮುಗಿಸಿದ ಪ್ರಯಾಣವಿದು. ತಂಜಾವೂರಿನ ದೊಡ್ಡ ಗುಡಿಯ ಬುಡದ ಶಾಸನವನ್ನು ಸಾಲಾಗಿ 21 ಚಿತ್ರಗಳಲ್ಲಿ ತೆಗೆದು, ಅವನ್ನು ಜೋಡಿಸಿ 19 ಅಡಿಗೂ ಮೀರಿದ ಒಂದೇ ಪಟ ಮಾಡಿದರು. ಆದರೆ ಹೊಸ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಕಡಿಮೆ ಮಾಡುವ ಸಲುವಾಗಿ ಆ ಕೆಲಸವನ್ನು ನಿಲ್ಲಿಸಿಬಿಟ್ಟರು. 1860ರ ಹೊತ್ತಿಗೆ ಎಲ್ಲ ಮುಗಿದಿತ್ತು. ಟ್ರೈಪ್ 1902ರಲ್ಲಿ ತೀರಿಕೊಂಡರು.

ಬಂಧುಗಳೇ, ಇನ್ನೊಂದು ಮಾತನ್ನೂ ನಾವು ಮರೆಯಬಾರದು. ಟ್ರೈಪ್ ಯಾರ ಸಂಬಳ ತಿನ್ನುತ್ತಿದ್ದರು? ಪಕ್ಕದ ದೇಶದ ಅರ್ಧ ಭಾಗವನ್ನು ಕಸಿದುಕೊಂಡು ಉಳಿದರ್ಧವನ್ನು ತಿಳಿದುಕೊಳ್ಳಲು ಹೊರಟಿದ್ದ ಸರ್ಕಾರದ್ದು. ಕ್ಯಾಮೆರಾ ಹಿಡಿದವನು ತನಗೆ ಬೇಕಾದದ್ದನ್ನು ನೋಡುತ್ತಾನೆ. ಬರ್ಮಾದವರ ಕೈಯಲ್ಲಿ ಅಂದು ಕ್ಯಾಮೆರಾ ಇದ್ದಿದ್ದರೆ ಅವರು ಏನನ್ನು ತೆಗೆಯುತ್ತಿದ್ದರು? ಬಹುಶಃ ತಮ್ಮ ಮನೆಯಂಗಳವನ್ನು, ಸಂತೆಯನ್ನು, ದೋಣಿ ಕಟ್ಟುವ ಬಡಗಿಯನ್ನು. ಆ ಚಿತ್ರ ನಮಗೆ ಸಿಗಲೇ ಇಲ್ಲ.

ಇಂದು ಕ್ಯಾಮೆರಾ ನಿಮ್ಮ ಜೇಬಿನಲ್ಲಿದೆ. ನಿಮ್ಮ ಊರು ನಿಮ್ಮ ಕಣ್ಣೆದುರೇ ಬದಲಾಗುತ್ತಿದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹುಟ್ಟಿದ ಮಕ್ಕಳಿಗೆ ಅದಕ್ಕೆ ಮುಂಚಿನ ದೇವನಹಳ್ಳಿ ಕೇಳಿದ ಕಥೆ ಅಷ್ಟೆ. ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಭೂಸ್ವಾಧೀನವನ್ನು ಕೈಬಿಟ್ಟಿತು. ಆ ಹೊಲಗಳು ಹೇಗಿವೆ ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ನಮ್ಮಲ್ಲಿ ಏನಿದೆ? ನಮ್ಮ ಚಕ್ಕೋತದ ಮರಗಳು, ಕೋಟೆಯ ಒಳಗಿನ ಓಣಿಗಳು, ಹಳೆಯ ಕಲ್ಯಾಣಿಗಳು, ಕೆರೆಯ ತೂಬು, ಗೋರಿಗಳ ಮೇಲಿನ ಬರಹ, ಇವುಗಳ ಪಟ ಎಷ್ಟು ಮನೆಗಳಲ್ಲಿ ಇದೆ? ಶಾಸನಗಳ ಮಟ್ಟಿಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ. ಮಿಕ್ಕಿದ್ದು ನಮ್ಮ ಹೊಣೆ.

ಅದಕ್ಕಾಗಿ ನಿಮ್ಮ ಮುಂದೆ ಒಂದು ಸಲಹೆ. ಒಂದೊಂದು ತರಗತಿಯವರು ಒಂದೊಂದು ಕೆರೆಯನ್ನೋ ಬೀದಿಯನ್ನೋ ಆರಿಸಿಕೊಳ್ಳಿ. ಒಂದೇ ಜಾಗದಲ್ಲಿ ನಿಂತು ವರ್ಷಕ್ಕೆ ಮೂರು ಸಲ ಪಟ ತೆಗೆಯಿರಿ: ಮಳೆಗಾಲ ಕಳೆದು ಕೆರೆಗೆ ನೀರು ಬಂದಾಗ, ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಒಣಗಿದಾಗ. ಆಳದ ನೀರಿನ ಬಳಿ ಒಬ್ಬೊಬ್ಬರೇ ಹೋಗಬೇಡಿ, ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಮನುಷ್ಯರ ಪಟ ತೆಗೆಯುವ ಮುನ್ನ ಅವರನ್ನು ಕೇಳಿ, ಬೇಡವೆಂದರೆ ಬಿಡಿ. ಫೋನಿನಲ್ಲಿಯೇ ಬಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಆದ್ದರಿಂದ ಆರಿಸಿದ ಕೆಲವನ್ನಾದರೂ ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಊರು, ತಾರೀಕು, ಏನು ಕಾಣುತ್ತಿದೆ ಎಂಬುದನ್ನು ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆಯಿರಿ, ಬಲ್ಲವರು ಉರ್ದುವಿನಲ್ಲೂ ಬರೆಯಿರಿ. ನಿಮ್ಮ ಅಜ್ಜ ಅಜ್ಜಿಯನ್ನು, ನಾನಾ ನಾನಿಯನ್ನು ಕೇಳಿ ಆ ಜಾಗದ ಹಳೆಯ ಹೆಸರನ್ನೂ ಸೇರಿಸಿ. ಸಂಘದ ವಾಚನಾಲಯದಲ್ಲಿ ಇದಕ್ಕೆಂದೇ ಒಂದು ಬೀರು ಇಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ, ದೂರದ ದೇಶಕ್ಕೆ ಹಡಗು ಹತ್ತಬೇಕಿಲ್ಲ. ಕಾಲ ತಿಳಿದು ಹೊರಡುವ ಅಭ್ಯಾಸ, ಸಿಕ್ಕಷ್ಟು ದಿನವನ್ನು ಪೂರ್ತಿ ಬಳಸುವ ಶಿಸ್ತು, ಮಾಡಿದ್ದಕ್ಕೆ ಹೆಸರು ತಾರೀಕು ಬರೆದಿಡುವ ಜವಾಬ್ದಾರಿ, ಇವು ಸಾಕು. ಟ್ರೈಪ್ ಅವರಿಗೆ ಸಿಕ್ಕಿದ್ದು 36 ದಿನ. ನಿಮ್ಮ ಮುಂದೆ ಇಡೀ ವರ್ಷವಿದೆ. ಮುಂದಿನ ವರ್ಷದ ಈ ಸಂಚಿಕೆಯ ಪುಟಗಳಲ್ಲಿ ನಿಮ್ಮ ಕೈಯ ಪಟಗಳನ್ನು ನೋಡುವ ಭಾಗ್ಯ ನಮಗೆಲ್ಲ ಸಿಗಲಿ ಎಂದು ಹಾರೈಸುತ್ತೇನೆ.