ಅವ್ವನ ಹೆಸರಿಗೆ ಎರಡು ಖಾನೆ

ಪಾಸ್‌ಪೋರ್ಟ್ ಅರ್ಜಿ ಹಾಕೋದು ಹೇಗೆ ಅಂತ ಸ್ಕ್ರೀನ್ ತೋರಿಸಿ ಹೇಳಿಕೊಡೋ ವಿಡಿಯೋಗಳು ಬೇಕಾದಷ್ಟಿವೆ. ಇಲ್ಲಿ ಒತ್ತಿ, ಅಲ್ಲಿ ಒತ್ತಿ, ದುಡ್ಡು ಕಟ್ಟಿ, ಆಯ್ತು. ಇವತ್ತು ಅದನ್ನ ಹೇಳಲ್ಲ. 2023ರಲ್ಲಿ ನಮ್ಮ ಅವ್ವನಿಗೆ ಪಾಸ್‌ಪೋರ್ಟ್ ಮಾಡಿಸಿದೆ. ಅದರಲ್ಲಿ ಒಂದೇ ಒಂದು ಖಾನೆಯನ್ನ ನಾನು ತಪ್ಪು ತುಂಬಿದೆ. ಆ ಖಾನೆಯ ಕಥೆ ಹೇಳ್ತೀನಿ.

ನಾನಿರೋದು ಹೈದರಾಬಾದಿನ ಸನತ್‌ನಗರದಲ್ಲಿ. ಊರು ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾರೆ. ತಂಗಿ ಗಂಡನ ಜೊತೆ ದುಬೈಯಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ತಂಗಿ ಫೋನ್ ಮಾಡಿ, ಜುಲೈ ಮೊದಲ ವಾರ ಅಂತ ಡಾಕ್ಟರು ಹೇಳಿದ್ದಾರೆ, ಅವ್ವನ್ನ ಕಳಿಸು ಅಂದಳು. ಚೊಚ್ಚಲ ಬಾಣಂತನ. ನಮ್ಮ ಕಡೆ ಅದು ತವರಿನ ಕೆಲಸ, ಅದಕ್ಕೆ ಚರ್ಚೆ ಇಲ್ಲ. ಮಗಳು ತವರಿಗೆ ಬರೋಕಾಗಲ್ಲ ಅಂದ್ರೆ ತವರೇ ಅಲ್ಲಿಗೆ ಹೋಗಬೇಕು. ನಾನು ಇಂಜಿನಿಯರ್ ಅಲ್ವಾ, ಅರ್ಧ ಗಂಟೆ ಕೆಲಸ ಅಂತ ಅಂದುಕೊಂಡು ಮಾರ್ಚ್ ಕೊನೆವರೆಗೂ ಕೂತೆ. ಮೊದಲ ತಪ್ಪು ಅದೇ.

ಒಂದು ಭಾನುವಾರ ಅವ್ವನ್ನ ಪಕ್ಕದಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪ್ ತೆಗೆದೆ. ಪಾಸ್‌ಪೋರ್ಟ್ ಸೇವಾ ಪೋರ್ಟಲ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡದಲ್ಲಿಲ್ಲ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಹುಡುಕಿದಾಗ ಅದೇ ಥರ ಕಾಣೋ ಖಾಸಗಿ ಸೈಟುಗಳೂ ಬರ್ತವೆ, ಅವಕ್ಕೆ ಹೋಗಿ ದುಡ್ಡು ಕಳಕೊಂಡವರಿದ್ದಾರೆ. ಬೇರೆ ರಾಜ್ಯದಲ್ಲಿರೋರು ಊರಿಗೆ ಹೋಗಿಯೇ ಅರ್ಜಿ ಹಾಕಬೇಕು ಅಂತ ಈಗಲೂ ಕೆಲವರು ಅಂದುಕೊಂಡಿದ್ದಾರೆ. ಬೇಕಿಲ್ಲ. 2018ರ ಜೂನ್‌ನಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಗಾದರೂ ಅರ್ಜಿ ಹಾಕಬಹುದು, ಪೊಲೀಸ್ ವೆರಿಫಿಕೇಶನ್ ನೀವು ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೇ ಬರುತ್ತೆ.

ಹುಟ್ಟಿದ ದಿನಾಂಕ ಕೇಳ್ತು. ಆಧಾರ್‌ನಲ್ಲಿ 1955ರ ಜನವರಿ 1. ನಮ್ಮ ಹಳ್ಳಿಯಲ್ಲಿ ಆ ವಯಸ್ಸಿನವರು ಅರ್ಧಕ್ಕರ್ಧ ಜನ ಜನವರಿ ಒಂದನೇ ತಾರೀಕೇ ಹುಟ್ಟಿರೋದು! ಅವ್ವನನ್ನ ಕೇಳಿದರೆ, "ರಜಾಕಾರರ ಗಲಾಟಿ ಮುಗದು ಏಳು ವರ್ಷಕ್ಕ, ಶೀಗಿ ಹುಣ್ವಿ ಮರುದಿನ" ಅಂದರು. ನನಗೆ ಆ ಉತ್ತರ ಹೆಚ್ಚು ನಿಖರ ಅನ್ನಿಸ್ತು, ಆದರೆ ಖಾನೆಗೆ ಹಿಡಿಸಲ್ಲ. ಆಧಾರ್‌ನಲ್ಲಿದ್ದದ್ದನ್ನೇ ಹಾಕಿದೆ. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲ ಮಾಡಿದಾಗಿನಿಂದ ಆಧಾರ್‌ನಲ್ಲಿ ಪೂರ್ತಿ ತಾರೀಕು ಇದ್ದರೆ ಹುಟ್ಟಿದ ದಿನಾಂಕಕ್ಕೂ ಅದನ್ನ ಒಪ್ತಾರೆ. (2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಈಗ ಜನನ ಪ್ರಮಾಣಪತ್ರವೇ ಆಗಬೇಕು, ಅದು ಬೇರೆ.)

ಹುಟ್ಟಿದ ರಾಜ್ಯ? ಪಟ್ಟಿಯಲ್ಲಿ ಕರ್ನಾಟಕ ಆರಿಸಿದೆ. ಆರಿಸಿ ಸ್ವಲ್ಪ ಹೊತ್ತು ನಗು ಬಂತು. 1955ರಲ್ಲಿ ಕರ್ನಾಟಕ ಅನ್ನೋ ಹೆಸರಿನ ರಾಜ್ಯ ಇರಲಿಲ್ಲ. ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಕರ್ನಾಟಕ ಅಂತಾಯ್ತು. ಅಂದರೆ ಅವ್ವ ಹುಟ್ಟಿದಾಗ ಅವರ ರಾಜಧಾನಿ ಇದೇ ಊರು. ಈಗ ಅದೇ ಊರಲ್ಲಿ ಅವರು ಪರರಾಜ್ಯದವರು, ಹಾಲಿ ವಿಳಾಸಕ್ಕೆ ದಾಖಲೆ ತೋರಿಸಬೇಕು.

ಇನ್ನೊಂದು ಪ್ರಶ್ನೆ ಎಷ್ಟೋ ಜನರನ್ನ ಗಾಬರಿ ಮಾಡುತ್ತೆ: ನಾನ್-ಇಸಿಆರ್ ವರ್ಗಕ್ಕೆ ಸೇರ್ತೀರಾ? ಹತ್ತನೇ ತರಗತಿ ಪಾಸಾಗದವರು ಗಲ್ಫ್‌ನಂಥ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಎಮಿಗ್ರೇಶನ್ ಒಪ್ಪಿಗೆ ಪಡೀಬೇಕು, ಅದರ ಗುರುತು ಇಸಿಆರ್. ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಹಾಗಾಗಿ 'ಇಲ್ಲ' ಅಂತ ಒತ್ತೋದರಲ್ಲಿದ್ದೆ. ಆಮೇಲೆ ಓದಿದರೆ, ಐವತ್ತು ದಾಟಿದವರೆಲ್ಲ ನಾನ್-ಇಸಿಆರ್. ಅಪ್ಪ-ಅಮ್ಮನಿಗೆ ಅರ್ಜಿ ತುಂಬೋರು ಇದನ್ನ ನೆನಪಿಡಿ. ಅರವತ್ತು ದಾಟಿದವರಿಗೆ ಫೀಸಿನಲ್ಲಿ ಶೇಕಡಾ 10 ರಿಯಾಯಿತಿಯೂ ಇದೆ. 1500ರ ಬದಲು ನಾವು ಕಟ್ಟಿದ್ದು 1350. ತತ್ಕಾಲ್‌ಗೆ ಈ ರಿಯಾಯಿತಿ ಇಲ್ಲ.

ಈಗ ಹೆಸರು. ಅವ್ವನ ನಿಜವಾದ ಹೆಸರು ಹೇಳಿದರೆ ಬೈತಾರೆ, ಶಾಂತಮ್ಮ ಅಂತ ಇಟ್ಕೊಳ್ಳೋಣ. ಅರ್ಜಿಯಲ್ಲಿ ಎರಡು ಖಾನೆ: ಗಿವನ್ ನೇಮ್, ಸರ್‌ನೇಮ್. ನಮ್ಮಲ್ಲಿ ಹಿಂದಿನ ತಲೆಮಾರಿನ ಹೆಂಗಸರಿಗೆ ಕಾಗದದ ಮೇಲೆ ಒಂದೇ ಹೆಸರು. ಮೈಸೂರು ಕಡೆಯವರಿಗೆ ಇನ್ನೊಂದು ಪೇಚು, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಬಿಡಿಸಿದ ಮೇಲೆ ಹುಟ್ಟೂರು ಸರ್‌ನೇಮ್ ಆಗಿ ಕೂತುಬಿಡುತ್ತೆ, ಅಮೆರಿಕದ ಆಫೀಸಿನಲ್ಲಿ 'ಮಿಸ್ಟರ್ ಹೊಳೆನರಸೀಪುರ' ಅಂತ ಕರೀತಾರೆ.

ಸರ್‌ನೇಮ್ ಖಾಲಿ ಬಿಡಬಹುದು. ಪೋರ್ಟಲ್ ಒಪ್ಪುತ್ತೆ. ನಾನು ಬಿಡಲಿಲ್ಲ. ಯಾಕೆ ಅಂದ್ರೆ 2022ರ ನವೆಂಬರ್‌ನಲ್ಲಿ ಒಂದು ಸುದ್ದಿ ಓದಿದ್ದೆ, ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿದ್ದವರನ್ನ ಯುಎಇ ವಿಸಿಟ್ ವೀಸಾದ ಮೇಲೆ ಒಳಗೆ ಬಿಡಲ್ಲ ಅಂತ. ಅರ್ಧ ಓದಿದ ಸುದ್ದಿ. ಕೂಡಲೇ ನಮ್ಮ ಮನೆತನದ ಹೆಸರನ್ನ ಸರ್‌ನೇಮ್ ಖಾನೆಗೆ ಹಾಕಿದೆ. ಅವ್ವ ಪಕ್ಕದಲ್ಲೇ ಕೂತು, "ಯಾಕೋ ತಮ್ಮಾ, ಹುಟ್ಟಿದಾಗಿಂದ ನಂದು ಒಂದೇ ಹೆಸರು ಅದ, ಈಗ ಎರಡ್ ಯಾಕ ಬೇಕಾಗ್ಯಾವ?" ಅಂದರು. ನಿನಗೆ ಗೊತ್ತಾಗಲ್ಲ ಸುಮ್ಮನಿರವ್ವ ಅಂದೆ.

ಏಪ್ರಿಲ್ ಕೊನೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಒಳಗೆ ಮೂರು ಹಂತ. 'ಎ' ಕೌಂಟರಿನಲ್ಲಿ ಕಂಪನಿಯ ಸಿಬ್ಬಂದಿ ಕಾಗದ ಸ್ಕ್ಯಾನ್ ಮಾಡಿ ಫೋಟೋ, ಬೆರಳಚ್ಚು ತಗೊಳ್ತಾರೆ. 'ಬಿ' ಮತ್ತು 'ಸಿ'ಯಲ್ಲಿ ಕೂರೋರು ಸರ್ಕಾರಿ ಅಧಿಕಾರಿಗಳು. ಒಬ್ಬರು ಪರಿಶೀಲಿಸ್ತಾರೆ, ಇನ್ನೊಬ್ಬರು ಮಂಜೂರು ಮಾಡ್ತಾರೆ. ಅವ್ವ ತಲೆಯ ಮೇಲಿನ ಸೆರಗು ಸ್ವಲ್ಪ ಹಿಂದೆ ಸರಿಸಿ ಫೋಟೋಕ್ಕೆ ಕೂತರು. ಬೆರಳಚ್ಚು ಮಾತ್ರ ಬರಲೇ ಇಲ್ಲ. ನಲವತ್ತು ವರ್ಷ ತೊಗರಿ ಕೊಯ್ದ ಕೈ, ಗೆರೆಗಳೆಲ್ಲ ಸವೆದಿವೆ. ಕೌಂಟರಿನ ಹುಡುಗಿ ತಾನೇ ಒದ್ದೆ ಬಟ್ಟೆಯಲ್ಲಿ ಅವ್ವನ ಬೆರಳು ಒರೆಸಿ, ಮೆಲ್ಲಗೆ ಒತ್ತಿ, ಐದಾರು ಸಲ ಮಾಡಿ ತಗೊಂಡಳು.

'ಬಿ' ಕೌಂಟರಿನಲ್ಲಿ ನಿಂತಿತು. ಅಧಿಕಾರಿ ಕೇಳಿದ್ದು ಎರಡು ಪ್ರಶ್ನೆ. ಈ ಸರ್‌ನೇಮ್ ಇವರ ಯಾವ ದಾಖಲೆಯಲ್ಲಿದೆ? ಎಲ್ಲೂ ಇಲ್ಲ. ಹಾಲಿ ವಿಳಾಸಕ್ಕೆ ಕೊಟ್ಟಿರೋ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರಿನ ಸ್ಪೆಲಿಂಗ್ ಯಾಕೆ ಬೇರೆ? ನಾನು ಗಮನಿಸಿಯೇ ಇರಲಿಲ್ಲ. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ 'ಶಾಂತಮ್ಮ'ದ ತಕಾರಕ್ಕೆ ಬರೀ ಟಿ. ಸನತ್‌ನಗರದಲ್ಲಿ ತೆರೆದ ಖಾತೆಯಲ್ಲಿ ಟಿ ಪಕ್ಕ ಎಚ್. ನಮ್ಮ ಉತ್ತರದ ಕಡೆ ತಕಾರಕ್ಕೆ ಟಿ ಒಂದೇ ಸಾಕು; ತೆಲುಗಿನವರು, ಬೆಂಗಳೂರಿನವರು ಎಚ್ ಸೇರಿಸದೆ ಬಿಡಲ್ಲ. ಫಾರಂ ತುಂಬಿದ್ದು ನಾನೇ ಅಲ್ಲ ಅಂದ್ರೂ ಪಾಸ್‌ಬುಕ್ ಬಂದಾಗ ನೋಡಬೇಕಿತ್ತು. ದಿನಾ ಕೋಡ್ ರಿವ್ಯೂ ಮಾಡಿ ಇನ್ನೊಬ್ಬರ ಸೆಮಿಕೋಲನ್ ಹುಡುಕೋ ಮನುಷ್ಯ ನಾನು.

ಅಧಿಕಾರಿ ಒರಟಾಗಿ ಏನೂ ಮಾತಾಡಲಿಲ್ಲ, ಸರಿಮಾಡಿಕೊಂಡು ಬನ್ನಿ ಅಂದರು. ಹೊರಗೆ ಬಂದು ಆಟೋದಲ್ಲಿ ಕೂತಾಗ ಅವ್ವ ಕೇಳಿದರು, "ನನ್ನ ಹೆಸರು ನಾ ಹೇಳಿದ್ರ ಒಪ್ಪಂಗಿಲ್ಲಂದ್ರ, ಮತ್ಯಾರು ಹೇಳಬೇಕೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಕೂತು ಓದಿದೆ. ಪಾಸ್‌ಪೋರ್ಟ್‌ನ ಅಡಿಯಲ್ಲಿ ಯಂತ್ರ ಓದೋ ಎರಡು ಸಾಲು ಇರ್ತವಲ್ಲ, ತಲಾ 44 ಅಕ್ಷರ, ಅದರ ನಿಯಮ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303 ಅನ್ನೋ ದಾಖಲೆಯಲ್ಲಿದೆ. ಹೆಸರನ್ನ ಮುಖ್ಯ ಭಾಗ, ಉಳಿದ ಭಾಗ ಅಂತ ಎರಡು ಮಾಡೋದು ಅಲ್ಲಿಂದ ಬಂದದ್ದು. ಆದರೆ ಅದೇ ದಾಖಲೆ ಒಂಟಿ ಹೆಸರಿನವರಿಗೂ ಜಾಗ ಇಟ್ಟಿದೆ, ಆ ಒಂದನ್ನೇ ಮುಖ್ಯ ಭಾಗ ಅಂತ ತಗೊಳ್ಳಿ ಅನ್ನುತ್ತೆ. ಯಂತ್ರಕ್ಕೆ ತಕರಾರಿಲ್ಲ. ತಕರಾರು ಮಾಡೋದು ಆಮೇಲಿನ ಸಾಫ್ಟ್‌ವೇರ್‌ಗಳು. ಎರಡನೇ ಖಾನೆಗೆ ಕೆಂಪು ನಕ್ಷತ್ರ ಹಾಕಿ 'ಕಡ್ಡಾಯ' ಅಂತ ಬರೆಯೋ ನಮ್ಮಂಥವರು. ನಾನೇ ಎಷ್ಟು ಫಾರಂಗಳಿಗೆ ಆ ನಕ್ಷತ್ರ ಹಾಕಿದ್ದೀನೋ ಲೆಕ್ಕ ಇಟ್ಟಿಲ್ಲ. ಯುಎಇ ಸುದ್ದಿಯ ಉಳಿದರ್ಧವೂ ಸಿಕ್ಕಿತು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ನಡೆಯುತ್ತೆ ಅಂತ ಕೆಲವೇ ದಿನಕ್ಕೆ ಸ್ಪಷ್ಟನೆ ಬಂದಿತ್ತು. ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ತಂದೆಯ ಹೆಸರು ಇರುತ್ತೆ. ಅಂದರೆ ನಾನು ಖಾನೆ ಖಾಲಿ ಬಿಟ್ಟಿದ್ದರೆ ಸಾಕಿತ್ತು. (ನೀವು ಹೋಗೋ ಮುಂಚೆ ವಿಮಾನ ಕಂಪನಿಗೆ ಒಂದು ಮಾತು ಕೇಳಿ, ನನ್ನ ಮಾತಿನ ಮೇಲೆ ಟಿಕೆಟ್ ಮಾಡಬೇಡಿ.)

ವಿಳಾಸಕ್ಕೆ ಪಾಸ್‌ಬುಕ್ ಬಿಟ್ಟು ಆಧಾರ್‌ನಲ್ಲೇ ಸನತ್‌ನಗರದ ವಿಳಾಸ ಹಾಕಿಸೋಣ ಅಂತ ನಿರ್ಧಾರ ಮಾಡಿದೆ. ಅವ್ವನ ಹೆಸರಲ್ಲಿ ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ಲಿಲ್ಲ. ಅದಕ್ಕೂ ದಾರಿ ಇದೆ. 2023ರ ಜನವರಿಯಲ್ಲಷ್ಟೇ ಬಂದಿತ್ತು, ಕುಟುಂಬದ ಮುಖ್ಯಸ್ಥರ ಒಪ್ಪಿಗೆಯಿಂದ ಆನ್‌ಲೈನ್‌ನಲ್ಲಿ ವಿಳಾಸ ಬದಲಾವಣೆ. ಆಗ ಫೀಸು 50 ರೂಪಾಯಿ ಇತ್ತು. ಸಂಬಂಧಕ್ಕೆ ಒಂದು ದಾಖಲೆ ಬೇಕು, ನನ್ನ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಾಯಿಯ ಹೆಸರಿತ್ತು, ಎಚ್ ಇಲ್ಲದೆ. ಮುಖ್ಯಸ್ಥರು ಅಂದರೆ ನಾನು. 30 ದಿನದೊಳಗೆ ಲಾಗಿನ್ ಆಗಿ ಒಪ್ಪಬೇಕು. ಅವ್ವನ ಕೀಪ್ಯಾಡ್ ಫೋನಿಗೆ ಒಟಿಪಿ ಬಂತು, ಓದಿ ಹೇಳಿದರು. ಏನು ಮಾಡ್ತಿದ್ದೀನಿ ಅಂತ ವಿವರಿಸಿದೆ. "ನೀ ಯಾವಾಗ ಈ ಮನಿ ಯಜಮಾನ ಆದ್ಯೋ?" ಅಂತ ಕನ್ನಡಕ ಇಳಿಸಿ ನೋಡಿದರು.

ಅದೆಲ್ಲ ಮುಗಿದು ಮತ್ತೆ ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ಜೂನ್ ಎರಡನೇ ವಾರ. ಸರ್‌ನೇಮ್ ಖಾಲಿ, ಆಧಾರ್ ಒಂದೇ, ಎ-ಬಿ-ಸಿ ಸೇರಿ ಎರಡು ಗಂಟೆಯೊಳಗೆ ಹೊರಗೆ. ನಾಲ್ಕು ದಿನಕ್ಕೆ ಟ್ಯಾಬ್ಲೆಟ್ ಹಿಡಿದು ಪೊಲೀಸರು ಮನೆಗೆ ಬಂದರು. ತೆಲಂಗಾಣದಲ್ಲಿ ಈ ಕೆಲಸ ಬೇಗ ಆಗುತ್ತೆ, ಹೊಗಳಲೇಬೇಕು. ಅರ್ಜಿಯಲ್ಲಿ ಅಕ್ಕಪಕ್ಕದ ಇಬ್ಬರ ಹೆಸರು ಕೊಡಬೇಕು. ಆರು ವರ್ಷದಿಂದ ಈ ಬಿಲ್ಡಿಂಗ್‌ನಲ್ಲಿದ್ದೀನಿ, ನನಗೆ ಗೊತ್ತಿದ್ದದ್ದು ಫ್ಲಾಟ್ ನಂಬರುಗಳು. ಹೆಸರು ಕೊಟ್ಟಿದ್ದು ಅವ್ವ. ಅವರಿಗೆ ತೆಲುಗು ಬರಲ್ಲ, ಬೀದರಿನ ದಖನಿ ಚೆನ್ನಾಗಿ ಬರುತ್ತೆ, ಅದರಲ್ಲೇ ಎರಡು ಮಹಡಿ ಸಂಪಾದಿಸಿದ್ದರು. ಬಂದ ಪೊಲೀಸರ ಜೊತೆಗೂ ಅದೇ ಭಾಷೆ, ಚಹಾ ಕುಡಿಸಿಯೇ ಕಳಿಸಿದ್ದು.

ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಜೂನ್ ಕೊನೆಯ ವಾರ ಬಂತು. ವೀಸಾಕ್ಕೆ ಹಾಕಿದೆವು. ಜುಲೈ ಮೊದಲ ವಾರ ಅಂದಿದ್ದ ಕೂಸು ಜೂನ್ 28ಕ್ಕೇ ಬಂದುಬಿಡ್ತು. ಅವ್ವ ವಿಮಾನ ಹತ್ತಿದ್ದು ಅದಾಗಿ ಒಂಬತ್ತು ದಿನಕ್ಕೆ. ಆ ಒಂಬತ್ತು ದಿನ ತಂಗಿಗೆ ಸ್ನಾನ ಹಾಕಿಸಿದ್ದು, ಖಾರ ಅರೆದು ಕೊಟ್ಟಿದ್ದು ಪಕ್ಕದ ಮನೆಯ ಕೇರಳದ ಹೆಂಗಸು. ಏಪ್ರಿಲ್‌ನಲ್ಲೇ ಕೆಲಸ ಆಗಿದ್ದರೆ ಅವ್ವ ಜೂನ್ ಶುರುವಿಗೇ ಅಲ್ಲಿರ್ತಿದ್ದರು. ತಂಗಿ ಅದನ್ನ ಇವತ್ತಿನವರೆಗೂ ಎತ್ತಿ ಆಡಿಲ್ಲ. ಅವ್ವನೂ ಇಲ್ಲ.

ಪಾಸ್‌ಪೋರ್ಟ್ ಬಂದ ದಿನ ಅವ್ವ ಮೊದಲ ಪುಟ ಹೆಚ್ಚು ನೋಡಲಿಲ್ಲ. ಕೊನೆಯ ಪುಟ ತೆಗೆಸಿ, ಇದೇನು ಬರದಾದ ಅಂತ ಕೇಳಿದರು. ಅವರ ಅಪ್ಪನ ಹೆಸರು. ಅವರು ಸತ್ತು ಐವತ್ತು ವರ್ಷದ ಮೇಲಾಗಿದೆ, ನಮ್ಮ ಮನೆಯ ಇನ್ಯಾವ ಕಾಗದದಲ್ಲೂ ಆ ಹೆಸರಿಲ್ಲ. ಇನ್ನೊಮ್ಮೆ ಓದು ಅಂದರು, ಓದಿದೆ.

ಆಗಸ್ಟಿನಲ್ಲಿ ತಂಗಿ ಫೋನ್ ಮಾಡಿದಳು. ಕೂಸಿಗೆ ಅಲ್ಲಿನ ಕಾನ್ಸುಲೇಟ್‌ನಲ್ಲಿ ಪಾಸ್‌ಪೋರ್ಟ್ ಮಾಡಿಸಬೇಕು, ಅರ್ಜಿ ತುಂಬ್ತಾ ಇದ್ದೀವಿ, ಸರ್‌ನೇಮ್ ಅಂತ ಏನು ಹಾಕೋದು ಅಣ್ಣಾ ಅಂದಳು. ಹಿಂದಿನಿಂದ ಅವ್ವನ ದನಿ ಕೇಳಿಸ್ತು, "ಅವಂಗ ಕೇಳಬ್ಯಾಡ."