ಹೆಗಲಿಗೆ ಪೆಟ್ಟಾದಾಗ: ಚಿಕಿತ್ಸೆ ಮತ್ತು ಪರಿಹಾರ



ಯಂಕಂಚಿ, ಸಿಂದಗಿ, ಇಂಡಿ ಕಡೆಯಿಂದ ಬೈಕ್ ಅಪಘಾತವಾಗಿ ಬರುವವರು ತಲೆಗೆ, ಕಾಲಿಗೆ ಪೆಟ್ಟಾದರೆ ಹೆದರುತ್ತಾರೆ. ಹೆಗಲಿನ ಪೆಟ್ಟನ್ನು ಮಾತ್ರ "ಉಳುಕ್ಯದರೀ ಸಿಸ್ಟರ್, ಎಣ್ಣಿ ಹಚ್ಚಿದ್ರ ಹೋಗ್ತದ" ಎಂದು ಬಿಟ್ಟುಬಿಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ನಿಂತ ಟ್ರೇಲರ್‌ಗೆ ಗುದ್ದಿದವರು ಹೆಚ್ಚಾಗಿ ಹೆಗಲ ಮೇಲೆಯೇ ಬೀಳುತ್ತಾರೆ. ಹೆಗಲಿನ ಮುಂದಿನ ಎಲುಬು ಮುರಿಯಬಹುದು, ಕೀಲು ತಪ್ಪಬಹುದು, ತೋಳನ್ನು ಎತ್ತುವ ಸ್ನಾಯುವಿನ ಪಟ್ಟಿ ಹರಿಯಬಹುದು, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಎಳೆದುಹೋಗಬಹುದು.

ಕೀಲು ತಪ್ಪಿದೆ ಅನ್ನಿಸಿದರೆ ಯಾರಿಂದಲೂ ಎಳೆಸಬೇಡಿ. ಜೊತೆಗೆ ಎಲುಬೂ ಮುರಿದಿದ್ದರೆ ಎಳೆತದಿಂದ ನರ, ರಕ್ತನಾಳಕ್ಕೆ ಅಪಾಯ. ಟವೆಲ್ಲಿನಲ್ಲಿ ಕೈಯನ್ನು ಎದೆಗೆ ತೂಗುಹಾಕಿ ಕರೆತನ್ನಿ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಬಂದ ಕೂಡಲೇ ಹೇಳಿ.

ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ, ಹರಿದ ಸ್ನಾಯು ಕಾಣುವುದಿಲ್ಲ. "ಎಕ್ಸ್-ರೇ ಛಲೋ ಬಂದದ" ಎಂದು ಮನೆಗೆ ಹೋದವರು ತಿಂಗಳಾದರೂ ಕೈ ಎತ್ತಲು ಆಗದಿದ್ದರೆ ಮತ್ತೆ ತೋರಿಸಲೇಬೇಕು. ಅದಕ್ಕೆ ಸ್ಕ್ಯಾನ್ ಬೇಕಾಗುತ್ತದೆ. ಡಾಕ್ಟರು ಹೇಳಿದ ದಿನಕ್ಕೆ ವ್ಯಾಯಾಮ ಶುರು ಮಾಡದೆ ಕೈ ಕಟ್ಟಿಕೊಂಡೇ ಕುಳಿತರೆ ಕೀಲು ಬಿಗಿದುಹೋಗುತ್ತದೆ.

ಇನ್ನು ಪರಿಹಾರದ ವಿಷಯ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ರೊಟ್ಟಿ ಬಡಿದು ಮಾರುತ್ತಿದ್ದ ತಾಯಿಯೊಬ್ಬಳು ಬಂದಳು. ಗುದ್ದಿದವನು ಅದೇ ಊರಿನವನು. "ಪೊಲೀಸ್ ಗಿಲೀಸ್ ಬ್ಯಾಡವ್ವ, ಖರ್ಚು ನಾ ಕೊಡ್ತೀನಿ" ಎಂದು ಕೈಮುಗಿದ. ಆಕೆ ಡಾಕ್ಟರ ಮುಂದೆ "ಜಾರಿ ಬಿದ್ದೆ" ಎಂದು ಹೇಳಿದಳು, ಹಾಗೆಯೇ ಬರೆದರು. ಮೂರು ತಿಂಗಳಾದರೂ ರಟ್ಟೆ ಏಳಲಿಲ್ಲ, ಆಪರೇಷನ್ ಆಗಬೇಕಾಯಿತು. ಅಷ್ಟರಲ್ಲಿ ಆತ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ವಕೀಲರ ಬಳಿ ಹೋದರೆ ಅವರು ಮೊದಲು ಕೇಳಿದ್ದು ಆಸ್ಪತ್ರೆಯ ಮೊದಲ ದಿನದ ಕಾಗದ. ಅದರಲ್ಲಿ ವಾಹನದ ಸುದ್ದಿಯೇ ಇರಲಿಲ್ಲ. ಹೀಗೆ ಹೇಳುವುದು ಸರಿಯೇ ಎಂದು ಆ ದಿನ ಆಕೆಯನ್ನು ನಾನೂ ಕೇಳಲಿಲ್ಲ. ಅದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಆದ್ದರಿಂದ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ, ಬರೆಸಿ. ನೋವಿರುವ ಪ್ರತಿಯೊಂದು ಜಾಗವನ್ನೂ ತೋರಿಸಿ. ಕಾಲಿನ ಗಾಯದ ಗಡಿಬಿಡಿಯಲ್ಲಿ ಹೆಗಲು ಬರೆಸದೆ ಹೋದರೆ, ಅದು ಅಪಘಾತದ್ದಲ್ಲ ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಸುಳ್ಳು ಸೇರಿಸುವುದೂ ಬೇಡ, ಅದೂ ಕೇಸನ್ನು ಕೆಡಿಸುತ್ತದೆ. ಎಲುಬು ಮುರಿತ ಮತ್ತು ಕೀಲು ತಪ್ಪುವುದು ಎರಡೂ ಕಾನೂನಿನಲ್ಲಿ ತೀವ್ರ ಗಾಯಗಳೇ. ಗಾಯದ ಪ್ರಮಾಣಪತ್ರದಲ್ಲಿ ಹಾಗೆ ಬಂದಿದೆಯೇ ನೋಡಿಕೊಳ್ಳಿ.

1988ರ ಮೋಟಾರು ವಾಹನ ಕಾಯ್ದೆಯಂತೆ ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಪುಣೆಯಲ್ಲಿ ಆಗಿದ್ದರೂ ನೀವು ವಾಸವಿರುವ ಕಡೆಯೇ ಹಾಕಬಹುದು. ದುಡಿಯಲು ವಲಸೆ ಹೋದವರು ಇದನ್ನು ನೆನಪಿಡಿ. 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿ ಬರೆದಿರುವ ಅವಧಿ ಆರು ತಿಂಗಳು. ತಡವಾಗಿದ್ದರೆ ಕೈಚೆಲ್ಲಿ ಕೂರದೆ ವಕೀಲರನ್ನು ಕೇಳಿ. ನಿಮ್ಮದೂ ಸ್ವಲ್ಪ ತಪ್ಪಿತ್ತು ಎಂದಾದರೆ ಅಷ್ಟು ಪಾಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ, ಅದಕ್ಕೂ ಪೊಲೀಸ್ ದೂರು ಬೇಕು.

ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತೀರಿ. ಡಾಕ್ಟರು ಬರೆಯುವ ಶೇಕಡಾವಾರು ಒಂದು, ದುಡಿಮೆಗೆ ಆದ ನಷ್ಟ ಇನ್ನೊಂದು. ಎರಡೂ ಒಂದೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಅದೇ ಹೆಗಲಿನ ಪೆಟ್ಟು ಆಫೀಸಿನಲ್ಲಿ ಬರೆಯುವವರಿಗೆ ಸಣ್ಣದು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲನಿಗೆ ಅನ್ನದ ಪ್ರಶ್ನೆ. ಉದಾಹರಣೆಗೆ 32 ವರ್ಷದವನ ಆದಾಯ ತಿಂಗಳಿಗೆ 12,000, ದುಡಿಮೆಯ ನಷ್ಟ ಶೇ. 15 ಎಂದು ನ್ಯಾಯಮಂಡಳಿ ಒಪ್ಪಿದರೆ, ಆ ವಯಸ್ಸಿನ ಗುಣಕ 16. ಲೆಕ್ಕ 3,45,600 ರೂಪಾಯಿ ಆಗುತ್ತದೆ. ಆಸ್ಪತ್ರೆ ಖರ್ಚು, ನೋವು, ಕೆಲಸ ತಪ್ಪಿದ ದಿನಗಳದ್ದು ಬೇರೆ. ಕೂಲಿಯವರಿಗೆ ಸಂಬಳದ ಚೀಟಿ ಇರುವುದಿಲ್ಲ, ನಿಜ. 2011ರಲ್ಲಿ ಕರ್ನಾಟಕದ್ದೇ ಒಬ್ಬ ಕೂಲಿಕಾರನ ಪ್ರಕರಣದಲ್ಲಿ ಆತ ಹೇಳಿದ ತಿಂಗಳ 4,500 ರೂಪಾಯಿಯನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಮನೆಗೆಲಸಕ್ಕೂ ಬೆಲೆ ಇದೆ ಎಂದು 2021ರಲ್ಲಿ ಹೇಳಿತು. "ನಮ್ಮಕ್ಕಿ ಮನ್ಯಾಗ ಇರ್ತಾಳ್ರಿ, ಏನೂ ದುಡಿಯಂಗಿಲ್ಲ" ಎಂದು ಬರೆಸುವ ಗಂಡಂದಿರು ಇದನ್ನು ಕೇಳಿಸಿಕೊಳ್ಳಿ.

ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಫೋನ್ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ, ಆದ್ದರಿಂದ ಚಿಕಿತ್ಸೆ ಮುಗಿಯುವ ಮೊದಲೇ ಸಹಿ ಹಾಕಬೇಡಿ. ತಿಂಗಳೊಪ್ಪತ್ತಿನಲ್ಲಿ ಹೆಗಲು ಎಷ್ಟು ಸುಧಾರಿಸುತ್ತದೆ ಎಂಬುದು ಡಾಕ್ಟರಿಗೂ ತಿಳಿದಿರುವುದಿಲ್ಲ.

ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ಲು, ಎಕ್ಸ್-ರೇ ಫಿಲಂ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ. ಮಾಡಿಗೆ ಸಿಕ್ಕಿಸಿದ ಫಿಲಂ ಮಳೆಗಾಲ ಮುಗಿಯುವಷ್ಟರಲ್ಲಿ ಒಂದಕ್ಕೊಂದು ಅಂಟಿರುತ್ತದೆ. ಮೂಲ ಪ್ರತಿ ಯಾರಿಗೆ ಕೊಟ್ಟರೂ ಝೆರಾಕ್ಸ್ ಇಟ್ಟುಕೊಂಡು, ಪಡೆದವರ ಸಹಿ ತೆಗೆದುಕೊಳ್ಳಿ.